ಉಪ್ಪಿಲ್ಲದ ಸಮುದ್ರದ ದಡದಲ್ಲಿ ನಾಲ್ಕು ದಿನ

ಅಮ್ಮ ಸಂಡೂರಿನಿಂದ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದು ಎರಡು ತಿಂಗಳಾಗಿತ್ತು. ಮನೆ, ಮೇಪಲ್ ಗ್ರೋವ್‌ನ ದೇವಸ್ಥಾನ, ದಿನಸಿ ಅಂಗಡಿ, ಮತ್ತೆ ಮನೆ. ಒಂದು ದಿನ ಸಂಜೆ ಕಿಟಕಿ ಹತ್ತಿರ ಕೂತು, "ಇಲ್ಲಿ ಮಣ್ಣಿನ ಮೇಲೆ ಕಾಲಿಡೋ ಜಾಗನೇ ಇಲ್ಲೇನು?" ಅಂತ ಕೇಳಿದಳು. ಲೇಕ್ ಸುಪೀರಿಯರ್ ಎಂಬ ದೊಡ್ಡ ಸರೋವರದ ದಡದ ಸ್ಟೇಟ್ ಪಾರ್ಕುಗಳಲ್ಲಿ ಟೆಂಟ್ ಹಾಕಲು ನಾವು ಏಪ್ರಿಲ್‌ನಲ್ಲೇ ಜಾಗ ಹಿಡಿದಿದ್ದೆವು. ನಮ್ಮ ಮಿನ್ನೆಸೋಟ ರಾಜ್ಯದಲ್ಲಿ 120 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಆಗಸ್ಟ್‌ನ ವಾರಾಂತ್ಯ ಬೇಕು ಅಂದರೆ ಆ ದಿನ ಬೆಳಿಗ್ಗೆಯೇ ಕೂತು ಹಿಡಿಯಬೇಕು, ಸಂಜೆಗೆ ನೀರಿನ ಪಕ್ಕದ ಜಾಗ ಒಂದೂ ಉಳಿದಿರುವುದಿಲ್ಲ.

ನಮ್ಮ ಮೊದಲ ಪ್ಲಾನ್‌ನಲ್ಲಿ ನಾಲ್ಕು ದಿನಕ್ಕೆ ಐದು ಪಾರ್ಕುಗಳಿದ್ದವು. ಅಮ್ಮನಿಗೆ ಅರವತ್ತೆಂಟು ವರ್ಷ, ಮೊಣಕಾಲು ನೋವು ಬೇರೆ. ಕಾಗದದ ಮೇಲೆ ಬರೆದಿದ್ದನ್ನು ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ದಿನಾ ಡೇರೆ ಕಟ್ಟಿ ದಿನಾ ಬಿಚ್ಚಿದ್ರೆ ನೋಡೋದು ಯಾವಾಗ?" ಅಂದಳು. ಸರಿ ಅನ್ನಿಸಿತು. ಗೂಸ್‌ಬೆರ್ರಿ ಫಾಲ್ಸ್‌ನಲ್ಲಿ ಒಂದು ರಾತ್ರಿ, ಸ್ಪ್ಲಿಟ್ ರಾಕ್‌ನಲ್ಲಿ ಎರಡು ರಾತ್ರಿ, ಅಷ್ಟೇ ಇಟ್ಟುಕೊಂಡೆವು. ಮನೆಯಲ್ಲಿ ಹಿರಿಯರಿದ್ದು ಕ್ಯಾಂಪಿಂಗ್ ಯೋಚಿಸುತ್ತಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪಾರ್ಕು ಕಡಿಮೆ ಮಾಡಿ, ರಾತ್ರಿ ಜಾಸ್ತಿ ಮಾಡಿ.

ಮೊದಲನೇ ದಿನ, ಗುರುವಾರ

ಡುಲೂತ್‌ವರೆಗಿನ 250 ಕಿಲೋಮೀಟರ್ ನೇರ ಹೈವೇ. ಹೇಳುವಂಥದ್ದು ಏನಿಲ್ಲ. ಊರಿನ ಹತ್ತಿರ ರಸ್ತೆ ಗುಡ್ಡದ ನೆತ್ತಿಯಿಂದ ಒಮ್ಮೆಲೇ ಕೆಳಗೆ ಇಳಿಯುತ್ತದೆ. ಬಲಕ್ಕೆ ಬಂದರು, ಅದರಾಚೆ ವಿಸ್ಕಾನ್ಸಿನ್‌ನ ದಡ. ಎಡಕ್ಕೆ ನೋಡಿದರೆ ಬರೀ ನೀರು. ಅಮ್ಮ ನೋಡಿದ್ದು ಎಡಕ್ಕೆ.

"ಸಮುದ್ರ!"

"ಅಲ್ಲ ಅಜ್ಜಿ, ಅದು ಲೇಕ್. ಲೇಕ್ ಅಂದ್ರೆ ಕೆರೆ," ಅಂದಳು ಎಂಟು ವರ್ಷದ ಮಗಳು.

"ಆಚೆ ದಡ ತೋರಿಸು. ಆಮೇಲೆ ಕೆರೆ ಅನ್ನು."

ಈ ವಾದ ನಾಲ್ಕು ದಿನವೂ ನಡೆಯಿತು. ಅಮ್ಮ ಹೇಳಿದ್ದರಲ್ಲಿ ನ್ಯಾಯವಿದೆ. ಈ ಸರೋವರದ ಹರವು ಸುಮಾರು 82,000 ಚದರ ಕಿಲೋಮೀಟರ್. ಕರ್ನಾಟಕದ ನೂರು ಪಾಲು ಮಾಡಿದರೆ ಅದರಲ್ಲಿ ಸುಮಾರು ನಲವತ್ತಮೂರು ಪಾಲು ಬರೀ ನೀರಾದ ಹಾಗೆ. ನಮ್ಮ ಕಡೆಯವರಿಗೆ ದೊಡ್ಡ ನೀರು ಅಂದರೆ ಹೊಸಪೇಟೆ ಡ್ಯಾಮಿನ ಹಿನ್ನೀರು. ಅಂಥ 200 ಹಿನ್ನೀರು ಇದರಲ್ಲಿ ಹಿಡಿಸುತ್ತವೆ. ಅತಿ ಆಳದ ಜಾಗದಲ್ಲಿ 406 ಮೀಟರ್. ಹರವಿನಲ್ಲಿ ಇದಕ್ಕಿಂತ ದೊಡ್ಡ ಸಿಹಿನೀರಿನ ಸರೋವರ ಭೂಮಿ ಮೇಲೆ ಇಲ್ಲ.

ಕಾರಿನಿಂದ ಇಳಿದ ಕೂಡಲೇ ಗಾಳಿ ತಣ್ಣಗೆ ಮುಖಕ್ಕೆ ಹೊಡೆಯಿತು. ಮನೆ ಬಿಟ್ಟಾಗ 31 ಡಿಗ್ರಿ ಇತ್ತು, ಇಲ್ಲಿ 18. ನೀರು ಅಷ್ಟು ತಣ್ಣಗಿರುವುದರಿಂದ ದಡದ ಗಾಳಿಯೂ ತಣ್ಣಗಾಗುತ್ತದೆ. ಆಗಸ್ಟ್ ಅಂತ ಸುಮ್ನೆ ಹತ್ತಿ ಬಟ್ಟೆ ತುಂಬಿಕೊಂಡು ಬರಬೇಡಿ. ಅಮ್ಮನಿಗೆ ಸೀರೆ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಮಳೆ ಜಾಕೆಟ್ ಹಾಕಿಸಿದೆ.

ಡುಲೂತ್‌ನ ಕಾಲುವೆ ಮೇಲೆ ಒಂದು ಸೇತುವೆ ಇದೆ. ಹಡಗು ಬಂದಾಗ ರಸ್ತೆ ಹೊತ್ತ ಅಡ್ಡಪಟ್ಟಿ ಇಡಿಯಾಗಿ ಲಿಫ್ಟಿನ ಹಾಗೆ ಮೇಲೆ ಏರುತ್ತದೆ. ನಮ್ಮ ಅದೃಷ್ಟಕ್ಕೆ ಹತ್ತು ನಿಮಿಷದಲ್ಲಿ ಒಂದು ಹಡಗು ಬಂತು. ಸುಮಾರು 1,000 ಅಡಿ ಉದ್ದದ್ದು, ಅದಿರು ತುಂಬಿಕೊಳ್ಳಲು ಬಂದಿದ್ದು. ಹಡಗು ಹಾರ್ನ್ ಹೊಡೆಯಿತು, ಸೇತುವೆ ತಿರುಗಿ ಹಾರ್ನ್ ಹೊಡೆಯಿತು. ಎದೆಯೊಳಗೇ ಗುಡುಗಿದ ಹಾಗಾಯಿತು. ಮಗಳು ಕಿವಿ ಮುಚ್ಚಿಕೊಂಡು ಕುಣಿದಳು.

ಇದೇ ಕಾಲುವೆಯ ಬಾಯಲ್ಲಿ 1905ರ ನವೆಂಬರ್ 28ರಂದು ಮಟಾಫ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಕಟ್ಟೆಗೆ ಬಡಿದು ಮುರಿಯಿತು. ಊರಿನ ಜನ ದಡದಲ್ಲಿ ಬೆಂಕಿ ಹಾಕಿಕೊಂಡು ರಾತ್ರಿಯಿಡೀ ನಿಂತಿದ್ದರು. ಹತ್ತಿರ ಹೋಗುವ ದಾರಿಯೇ ಇರಲಿಲ್ಲ. ಕಣ್ಣೆದುರಿಗೇ ಒಂಬತ್ತು ಜನ ಸತ್ತರು. ಅಮ್ಮ ಕೈ ಮುಗಿದಳು. "ದಡದಾಗ ನಿಂತೋರ ಸಂಕಟ ಎಷ್ಟಿರಬೇಕು," ಅಂದಳು.

ಅಲ್ಲಿಂದ 61ನೇ ಹೈವೇ. ಇನ್ನು ಮುಂದೆ ನೀರು ಬಲಗಡೆಯಿಂದ ಕದಲುವುದಿಲ್ಲ. ಬರ್ಚ್ ಮರಗಳ ಬಿಳಿ ಕಾಂಡಗಳ ನಡುವೆ ನೀಲಿ ಬಂದು ಹೋಗುತ್ತದೆ. ಟೂ ಹಾರ್ಬರ್ಸ್ ಎಂಬ ಊರಲ್ಲಿ ಕಬ್ಬಿಣದ ಅದಿರನ್ನು ಹಡಗಿಗೆ ಸುರಿಯುವ ಎತ್ತರದ ಕಟ್ಟೆಗಳಿವೆ. 1884ರಲ್ಲಿ ಇಲ್ಲಿಂದ ಮೊದಲ ಅದಿರು ಹೋಯಿತು. ಅಮ್ಮ ಕಾರಿನ ಕಿಟಕಿ ಇಳಿಸಿ ನೋಡಿದಳು. ನಮ್ಮಪ್ಪ ದೋಣಿಮಲೈ ಗಣಿಯಲ್ಲಿ ಮೂವತ್ತು ವರ್ಷ ದುಡಿದವರು. ಅವರು ಹೋಗಿ ನಾಲ್ಕು ವರ್ಷವಾಯಿತು. "ಕೆಂಪು ಧೂಳೇ ಇಲ್ಲ ನೋಡು," ಅಂದಳು, ಅಷ್ಟೇ.

ಗೂಸ್‌ಬೆರ್ರಿ ತಲುಪಿದಾಗ ಸಂಜೆ ಐದು. ನಾವು ಹೋದಾಗ ವರ್ಷದ ಪಾಸ್ 35 ಡಾಲರ್, ದಿನದ್ದು 7 ಇತ್ತು. ಒಂದೇ ಪಾಸ್ ರಾಜ್ಯದ ಎಲ್ಲ ಸ್ಟೇಟ್ ಪಾರ್ಕಿಗೂ ನಡೆಯುತ್ತದೆ, ಆದ್ದರಿಂದ ವರ್ಷದಲ್ಲಿ ಐದು ದಿನಕ್ಕಿಂತ ಹೆಚ್ಚು ಹೋಗುವವರಿಗೆ ವರ್ಷದ್ದೇ ಲೇಸು. ಸೌದೆಯನ್ನು ಮನೆಯಿಂದ ತರುವ ಹಾಗಿಲ್ಲ. ಆಶ್ ಎಂಬ ಮರವನ್ನು ಕೊಲ್ಲುವ ಹಸಿರು ಜೀರುಂಡೆ ಸೌದೆ ಜೊತೆ ಊರಿಂದ ಊರಿಗೆ ಹರಡುತ್ತದೆ. ಪಾರ್ಕಿನ ಕಚೇರಿಯಲ್ಲೇ ಎರಡು ಕಟ್ಟು ಕೊಂಡೆವು.

ಟೆಂಟ್ ಹಾಕುವಾಗ ಮೊದಲ ತೊಂದರೆ ಬಂತು. ನಾಲ್ಕು ಬೆರಳು ಮಣ್ಣಿನ ಕೆಳಗೆ ಬರೀ ಬಂಡೆ. ಈ ದಡವೆಲ್ಲ ಸುಮಾರು 110 ಕೋಟಿ ವರ್ಷದ ಹಿಂದೆ ಹರಿದು ಗಟ್ಟಿಯಾದ ಲಾವಾ. ಗಂಡ ಹೊಡೆದ ಮೊಳೆಗಳು ಒಂದಾದ ಮೇಲೆ ಒಂದು ಬಾಗಿದವು. ನಾಲ್ಕನೆಯದು ಬಾಗಿದಾಗ ಅಮ್ಮ ಎದ್ದು ಬಂದಳು. ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಆರಿಸಿ, ಹಗ್ಗವನ್ನು ಎರಡು ಸುತ್ತು ಸುತ್ತಿ, ಗಂಟು ಹಾಕಿ, ಅದರ ಮೇಲೆ ಇನ್ನೊಂದು ದೊಡ್ಡ ಕಲ್ಲು ಹೇರಿದಳು. "ಕುಮಾರಸ್ವಾಮಿ ಜಾತ್ರ್ಯಾಗ ಬಂಡೆ ಮ್ಯಾಲೆ ಅಂಗಡಿ ಹಾಕ್ತಾರಲ್ಲ, ಹಿಂಗೇ ಕಟ್ಟೋದು." ಟೆಂಟ್ ಬಿಗಿಯಾಗಿ ನಿಂತಿತು. ಮುಂದಿನ ಎರಡು ರಾತ್ರಿಗೂ ನಾವು ಮೊಳೆ ಮುಟ್ಟಲಿಲ್ಲ.

ರಾತ್ರಿಗೆ ವಗ್ಗರಣೆ. ಬಳ್ಳಾರಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ ಇಟ್ಟಳು. ಸಣ್ಣ ಗ್ಯಾಸ್ ಒಲೆ ಮೇಲೆ ಎಣ್ಣೆ, ಸಾಸಿವೆ, ಹಸಿಮೆಣಸಿನಕಾಯಿ, ಈರುಳ್ಳಿ, ಟೊಮೆಟೊ, ಅರಿಶಿನ. ಗಾಳಿಗೆ ಒಲೆಯ ಉರಿ ಒಂದು ಕಡೆಗೇ ವಾಲುತ್ತಿತ್ತು. ಗಂಡ ಚಾಪೆಯನ್ನು ಮಡಿಸಿ ಅಡ್ಡ ಹಿಡಿದು ನಿಂತ. ಮಂಡಕ್ಕಿ ಹಾಕಿ ಎರಡು ಸಲ ತಿರುವಿ, ಪುಟಾಣಿ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿದಳು. ಹತ್ತು ನಿಮಿಷದ ಕೆಲಸ. ಕ್ಯಾಂಪಿಂಗ್‌ಗೆ ಇದಕ್ಕಿಂತ ಒಳ್ಳೆ ಅಡುಗೆ ನನಗೆ ಗೊತ್ತಿಲ್ಲ. ಮಂಡಕ್ಕಿಗೆ ತೂಕವಿಲ್ಲ, ಫ್ರಿಜ್ ಬೇಡ, ಪಾತ್ರೆ ಒಂದೇ.

ಊಟ ಆದ ಮೇಲೆ ಒಂದು ತುತ್ತೂ ಬಿಡದೆ ಎಲ್ಲವನ್ನೂ ಕಾರಿನೊಳಗೆ ಇಟ್ಟು ಬೀಗ ಹಾಕಿದೆವು. ಇಲ್ಲಿ ಕಪ್ಪು ಕರಡಿಗಳಿವೆ. ಟೂತ್‌ಪೇಸ್ಟ್ ಕೂಡ ಟೆಂಟಲ್ಲಿ ಇಡಬಾರದು. "ದರೋಜಿ ಕರಡಿನೂ ಹಿಂಗೇ, ವಾಸನೆಗೇ ಬರ್ತಾವು," ಅಂತ ಅಮ್ಮ ತನ್ನ ಅಡಿಕೆ ಡಬ್ಬಿಯನ್ನೂ ಕೊಟ್ಟುಬಿಟ್ಟಳು. ಹತ್ತು ಗಂಟೆಗೆ ಇಡೀ ಕ್ಯಾಂಪ್ ಸುಮ್ಮನಾಯಿತು, ಅದು ಇಲ್ಲಿನ ನಿಯಮ. ಅಮ್ಮನಿಗೆ ಮಡಚುವ ಮಂಚ ತಂದಿದ್ದೆವು. ನೆಲದಿಂದ ಏಳುವ ಕಷ್ಟ ತಪ್ಪಿತು. ಬುಕ್ ಮಾಡುವಾಗಲೇ ಮ್ಯಾಪ್ ನೋಡಿ ಬಾತ್‌ರೂಮ್ ಹತ್ತಿರದ ಜಾಗ ಆರಿಸಿದ್ದರಿಂದ ರಾತ್ರಿ ಎರಡು ಸಲ ಟಾರ್ಚ್ ಹಿಡಿದು ಹೋಗಿ ಬರುವುದೂ ಸಲೀಸಾಯಿತು.

ಎರಡನೇ ದಿನ, ಶುಕ್ರವಾರ

ಬೆಳಿಗ್ಗೆ ಮಗಳ ಕೂಗಿಗೆ ಎಚ್ಚರವಾಯಿತು. ಚಹಾ ಮಾಡಲು ಕಾರಿನಿಂದ ಚೀಲ ತೆಗೆದು ಮೇಜಿನ ಮೇಲೆ ಇಟ್ಟು ಗಂಡ ನೀರು ತರಲು ಹೋಗಿದ್ದ. ಅಷ್ಟರಲ್ಲಿ ಒಂದು ಚಿಪ್‌ಮಂಕ್ ಮಂಡಕ್ಕಿ ಪ್ಯಾಕೆಟ್ಟಿಗೆ ತೂತು ಕೊರೆದು ಒಳಗೇ ಕೂತಿತ್ತು. ಎರಡೂ ಕೆನ್ನೆ ಉಬ್ಬಿಸಿಕೊಂಡು, ಮುಂಗಾಲಲ್ಲಿ ಇನ್ನೊಂದು ಕಾಳು ಹಿಡಿದು, ನಮ್ಮನ್ನೇ ನೋಡಿತು. ಬೆನ್ನ ಮೇಲೆ ಪಟ್ಟಿಗಳು. "ನಮ್ಮ ಅಳಿಲೇ," ಅಂದಳು ಅಮ್ಮ. "ರಾಮ ಇಲ್ಲಿಗೂ ಬಂದಿದ್ನೇನು?" ಅದಕ್ಕೆ ಉಣ್ಣಿಸುವುದು ತಪ್ಪು, ಮನುಷ್ಯರ ತಿಂಡಿ ಅಭ್ಯಾಸವಾದರೆ ಅದಕ್ಕೇ ಕೆಡುಕು ಅಂತ ಮಗಳು ಶಾಲೆಯಲ್ಲಿ ಕಲಿತಿದ್ದನ್ನು ಹೇಳಿದಳು. ಮಂಡಕ್ಕಿ ಅರ್ಧ ಚೀಲ ಕಸಕ್ಕೆ ಹೋಯಿತು.

ಗೂಸ್‌ಬೆರ್ರಿಯ ಜಲಪಾತಗಳಿಗೆ ಬೆಳಿಗ್ಗೆ ಎಂಟಕ್ಕೆ ಮೊದಲೇ ಹೋಗಿ. ಹತ್ತು ಗಂಟೆ ಮೇಲೆ ಜಾತ್ರೆ. ಹತ್ತಿರದ ಜಲಪಾತದವರೆಗೆ ಸಮತಟ್ಟಾದ ದಾರಿ ಇದೆ, ಅಮ್ಮ ನಿಧಾನಕ್ಕೆ ನಡೆದಳು. ಆಗಸ್ಟ್‌ನಲ್ಲಿ ನೀರು ಕಡಿಮೆ. ಕಪ್ಪು ಬಂಡೆಯ ಮೇಲೆ ಬಿಳಿ ಎಳೆಗಳ ಹಾಗೆ ಇಳಿಯುತ್ತಿತ್ತು. ನೀರಿನ ಬಣ್ಣ ಮಾತ್ರ ತಿಳಿ ಚಹಾದ್ದು, ಮೇಲಿನ ಜೌಗು ಕಾಡಿನ ಎಲೆ ಬೇರುಗಳಲ್ಲಿ ನೆನೆದು ಬಂದದ್ದು.

ದಾರಿಯುದ್ದಕ್ಕೂ ಕಲ್ಲಿನ ಗೋಡೆಗಳು, ಕಲ್ಲಿನ ಮನೆಗಳು. 1930ರ ದಶಕದಲ್ಲಿ ದೇಶಕ್ಕೇ ಕೆಲಸವಿಲ್ಲದ ಕಾಲದಲ್ಲಿ ಸರ್ಕಾರ ಯುವಕರ ದಂಡು ಕಟ್ಟಿ ಇಲ್ಲಿ ಕೂಲಿ ಕೊಟ್ಟಿತು. ಹೈವೇ ಪಕ್ಕದ ದೊಡ್ಡ ಕಲ್ಲುಗೋಡೆಯೂ ಅವರದ್ದೇ. ಅಮ್ಮ ಒಂದು ಕಲ್ಲಿನ ಮೂಲೆ ಸವರಿ ನೋಡಿದಳು. ಉಳಿಯ ಗುರುತು ಇನ್ನೂ ಕೈಗೆ ಸಿಗುತ್ತದೆ. "ಬರಗಾಲದಾಗ ಕೆರೆ ಹೂಳು ತೆಗೆಸ್ತಿದ್ರು ನಮ್ಮ ಕಡೆ. ಹಂಗೇ ಇದು," ಅಂದಳು.

ನದಿ ಸರೋವರ ಸೇರುವಲ್ಲಿ ಕಲ್ಲಿನ ದಡ ಇದೆ. ಆಗೇಟ್ ಬೀಚ್ ಅಂತ ಹೆಸರು. ಲಾವಾದ ಗುಳ್ಳೆಗಳೊಳಗೆ ಪದರ ಪದರವಾಗಿ ಬೆಳೆದ ಕಲ್ಲೇ ಆಗೇಟ್. ಇಲ್ಲಿಯದು ಕೆಂಪು, ಕಿತ್ತಳೆ. ಆ ಬಣ್ಣ ಕಬ್ಬಿಣದ್ದು. ಮಗಳಿಗೆ ಒಂದು ಸಿಕ್ಕಿತು, ಕಡಲೆಬೀಜದಷ್ಟು. ಬಿಸಿಲಿಗೆ ಹಿಡಿದರೆ ಒಳಗೆ ಗೆರೆಗಳು ಬೆಳಗಿದವು. ಸ್ಟೇಟ್ ಪಾರ್ಕಿನಿಂದ ಕಲ್ಲು ಒಯ್ಯಬಾರದು. ಅವಳು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ತಾನೇ ಹೋಗಿ ನೀರಿನಂಚಿಗೆ ಇಟ್ಟು ಬಂದಳು.

ಅಲ್ಲೇ ಅಮ್ಮ ಚಪ್ಪಲಿ ಬಿಟ್ಟು ನೀರಿಗೆ ಇಳಿದಳು. "ಅಯ್ಯಯ್ಯೋ!" ಅಂತ ತಕ್ಷಣ ಹಿಂದೆ ಸರಿದಳು. ಪಾದ ಮರಗಟ್ಟುವಷ್ಟು ಚಳಿ. ಬೇಸಿಗೆಯಲ್ಲೂ ಈಜುವ ನೀರಲ್ಲ ಇದು, ಮಕ್ಕಳ ಮೇಲೆ ಕಣ್ಣಿರಬೇಕು. ಆಮೇಲೆ ಅಮ್ಮ ಬಗ್ಗಿ, ಬೆರಳು ಅದ್ದಿ, ನಾಲಿಗೆಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ರುಚಿ ನೋಡಿದಳು. ಇನ್ನೊಮ್ಮೆ ಅದ್ದಿದಳು.

"ಉಪ್ಪಿಲ್ಲ."

"ನಾನು ಹೇಳಿದ್ನಲ್ಲ ಅಜ್ಜಿ, ಕೆರೆ!"

"ಉಪ್ಪಿಲ್ದಿದ್ರೇನು? ನಮ್ಮೋರು ಕೆರೆಗೇ ಸಾಗರ ಅಂತಾರೆ. ಶಾಂತಿಸಾಗರ, ಬುಕ್ಕಸಾಗರ, ಕೃಷ್ಣರಾಜಸಾಗರ. ಅವಕ್ಕೆಲ್ಲ ಉಪ್ಪೈತೇನು? ಅಷ್ಟು ಪುಟ್ಟವೇ ಸಾಗರ ಆದ್ರೆ ಇದು ಸಮುದ್ರ ಆಗಬಾರದೇನು?"

ಮಗಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ.

ಸ್ಪ್ಲಿಟ್ ರಾಕ್ ಅಲ್ಲಿಂದ 11 ಕಿಲೋಮೀಟರ್. ನಾವು ಹಿಡಿದಿದ್ದು ಅಲ್ಲಿನ ಹಳೆಯ ಕ್ಯಾಂಪ್. ಕಾರು ಟೆಂಟಿನ ಪಕ್ಕದವರೆಗೆ ಹೋಗುವುದಿಲ್ಲ. ಪಾರ್ಕಿಂಗ್‌ನಲ್ಲಿ ಎರಡು ಗಾಲಿಯ ತಳ್ಳುಗಾಡಿಗಳಿವೆ, ಸಾಮಾನು ತುಂಬಿ ತಳ್ಳಿಕೊಂಡು ಹೋಗಬೇಕು. ಕಾರಿನ ಸದ್ದಿಲ್ಲದೆ ನೀರಿನ ಸದ್ದಷ್ಟೇ ಕೇಳಲಿ ಅಂತಲೇ ಆ ಜಾಗ ಆರಿಸಿದ್ದೆವು. ಆದರೆ ಗಾಡಿ ತುಂಬುವ ಕ್ರಮ ಗೊತ್ತಿರಲಿಲ್ಲ. ಭಾರದ ಡಬ್ಬಿಗಳನ್ನು ಹಿಂದೆ ಇಟ್ಟೆವು. ಇಳಿಜಾರಲ್ಲಿ ಮುಂಭಾಗ ಮೇಲೆದ್ದು ಗಾಡಿ ಹಿಂದಕ್ಕೆ ಮಗುಚಿತು. ಮೊಸರಿನ ಡಬ್ಬಿ ಒಡೆದು ಅಮ್ಮನ ಹಾಸಿಗೆ ಚೀಲದ ಮೇಲೆಲ್ಲ ಹರಿಯಿತು.

ಹಿಂದಿನಿಂದ ಬರುತ್ತಿದ್ದ ಹಿರಿಯರೊಬ್ಬರು ಓಡಿ ಬಂದು ಗಾಡಿ ಎತ್ತಿದರು. ಭಾರ ಗಾಲಿಯ ನೇರಕ್ಕೆ ಇರಬೇಕು, ಹಗುರದ್ದು ಮೇಲೆ, ಅಂತ ತಾವೇ ಮತ್ತೆ ಜೋಡಿಸಿ ಕೊಟ್ಟರು. ಅವರ ಟೆಂಟ್ ನಮ್ಮದರ ಪಕ್ಕದಲ್ಲೇ. ಹಾಸಿಗೆ ಚೀಲ ತೊಳೆದು ಬರ್ಚ್ ಮರಗಳ ನಡುವೆ ಹಗ್ಗ ಕಟ್ಟಿ ಒಣಗಿ ಹಾಕಿದೆವು. ಮಧ್ಯಾಹ್ನದ ಊಟಕ್ಕೆ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಮೊಸರಿಲ್ಲ.

ಮಧ್ಯಾಹ್ನ ದೀಪಸ್ತಂಭ. ಸುಮಾರು 130 ಅಡಿ ಎತ್ತರದ ಬಂಡೆಯ ಅಂಚಿನಲ್ಲಿ ನಿಂತಿದೆ. ಅದರ ಟಿಕೆಟ್ ಬೇರೆ, ಪಾರ್ಕಿನ ಪಾಸ್ ಒಳಗೆ ಹೋಗಲು ಸಾಲದು. 1905ರ ಅದೇ ಬಿರುಗಾಳಿಯಲ್ಲಿ 29 ಹಡಗುಗಳು ಹಾಳಾದ ಮೇಲೆ ಇದನ್ನು ಕಟ್ಟಿದರು. 1910ರಲ್ಲಿ ದೀಪ ಹತ್ತಿತು. ಆಗ ಇಲ್ಲಿಗೆ ರಸ್ತೆಯೇ ಇರಲಿಲ್ಲ. ಇಟ್ಟಿಗೆ, ಸಿಮೆಂಟು, ಗಾಜು ಎಲ್ಲವೂ ದೋಣಿಯಲ್ಲಿ ಬಂದು, ಕ್ರೇನ್ ಹಗ್ಗದಲ್ಲಿ ನೇತಾಡುತ್ತ ಬಂಡೆ ಮೇಲೆ ಏರಿತು. ದೀಪದ ಗಾಜು ಪ್ಯಾರಿಸ್‌ನದು. ಹತ್ತು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಈ ದಡದ ಬಂಡೆಗಳಲ್ಲಿ ಕಬ್ಬಿಣ ಇರುವುದರಿಂದ ಹಡಗಿನ ದಿಕ್ಸೂಚಿ ಮುಳ್ಳು ಅತ್ತಿತ್ತ ಎಳೆಯುತ್ತಿತ್ತು, ಹಡಗಿನವರು ದಾರಿ ತಪ್ಪುತ್ತಿದ್ದರು. ಅದನ್ನು ಕೇಳಿ ಅಮ್ಮ, "ಕಬ್ಬಿಣ ಒಯ್ಯೋ ಹಡಗನ್ನ ಕಬ್ಬಿಣವೇ ದಾರಿ ತಪ್ಪಿಸೋದು," ಅಂತ ತನ್ನಷ್ಟಕ್ಕೆ ಅಂದುಕೊಂಡಳು.

1969ರಲ್ಲಿ ದೀಪದ ಕೆಲಸ ಮುಗಿಯಿತು. ಈಗ ಪ್ರತಿ ನವೆಂಬರ್ 10ರಂದು ಮತ್ತೆ ಹಚ್ಚುತ್ತಾರೆ. 1975ರ ಆ ದಿನ ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ ಅದಿರಿನ ಹಡಗು 29 ಜನರ ಸಮೇತ ಈ ಸರೋವರದಲ್ಲಿ ಮುಳುಗಿತು. ಒಬ್ಬರೂ ಉಳಿಯಲಿಲ್ಲ. ಅವರ ಹೆಸರನ್ನು ಒಂದೊಂದಾಗಿ ಓದಿ ಗಂಟೆ ಬಾರಿಸುತ್ತಾರಂತೆ.

ಸಂಜೆ ಪಕ್ಕದ ಟೆಂಟಿನ ಹಿರಿಯರನ್ನು ಚಹಾಕ್ಕೆ ಕರೆದೆವು. ಶುಂಠಿ, ಏಲಕ್ಕಿ ಹಾಕಿದ ಚಹಾ. ಎರಡು ಲೋಟ ಕುಡಿದರು. ಅವರು ಹತ್ತಿರದ ಸಿಲ್ವರ್ ಬೇ ಊರಿನವರು, ಟ್ಯಾಕೊನೈಟ್ ಎಂಬ ಕಬ್ಬಿಣದ ಅದಿರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಮ್ಮನ ಯಜಮಾನರೂ ಕಬ್ಬಿಣದ ಗಣಿಯವರು ಅಂತ ಹೇಳಿದ ಕೂಡಲೇ ಎದ್ದು ಹೋದರು. ಐದು ನಿಮಿಷದಲ್ಲಿ ವಾಪಸ್ ಬಂದು ಅಮ್ಮನ ಅಂಗೈಗೆ ಏನೋ ಇಟ್ಟರು.

ಗೋಲಿಗಿಂತ ಸ್ವಲ್ಪ ಚಿಕ್ಕದಾದ ಉಂಡೆ. ಬೂದು ಬಣ್ಣ, ಮುಟ್ಟಿದರೆ ಒರಟು, ಗಾತ್ರಕ್ಕೆ ಮೀರಿದ ತೂಕ. ಟ್ಯಾಕೊನೈಟ್ ಅಂದರೆ ಕಬ್ಬಿಣ ಕಡಿಮೆ ಇರುವ ಗಟ್ಟಿ ಕಲ್ಲು. ಅದನ್ನು ಹಿಟ್ಟಿನ ಹಾಗೆ ಬೀಸಿ, ಅಯಸ್ಕಾಂತದಿಂದ ಕಬ್ಬಿಣದ ಪುಡಿಯನ್ನು ಬೇರೆ ಮಾಡಿ, ಜೇಡಿಮಣ್ಣು ಕೂಡಿಸಿ ಉಂಡೆ ಕಟ್ಟಿ ಸುಡುತ್ತಾರೆ. ಅಮ್ಮ ಮೂಗಿನ ಹತ್ತಿರ ತಂದು ಮೂಸಿದಳು. "ನಮ್ಮದು ಕೆಂಪು. ಮಣ್ಣು ತೆಗೆದ್ರೆ ಅದಿರೇ ಸಿಗ್ತಿತ್ತು. ಇವರು ಕಲ್ಲು ಬೀಸಿ ತೆಗೀತಾರೆ," ಅಂದಳು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಅವರು ತಲೆ ಆಡಿಸಿದರು.

ಆಮೇಲೆ ಅವರೇ ಇನ್ನೊಂದು ಮಾತು ತೆಗೆದರು. ಸಿಲ್ವರ್ ಬೇಯಲ್ಲಿ ಕಬ್ಬಿಣ ತೆಗೆದ ಮೇಲೆ ಉಳಿದ ಕಲ್ಲುಪುಡಿಯನ್ನು 1955ರಿಂದ 1980ರವರೆಗೆ ಈ ಸರೋವರಕ್ಕೇ ಸುರಿಯುತ್ತಿದ್ದರು. ದಿನಕ್ಕೆ ಸುಮಾರು 67,000 ಟನ್. 1973ರಲ್ಲಿ ಡುಲೂತ್‌ನ ಕುಡಿಯುವ ನೀರಿನಲ್ಲಿ ಕಲ್ನಾರಿನಂಥ ಎಳೆಗಳು ಸಿಕ್ಕವು. ಕೋರ್ಟು ಕಚೇರಿ ವರ್ಷಗಟ್ಟಲೆ ನಡೆಯಿತು. ಕೊನೆಗೆ ಪುಡಿಯನ್ನು ದೂರದ ನೆಲದ ಮೇಲೆ ಹಾಕಲು ಶುರು ಮಾಡಿದರು. ಈ ಸರೋವರಕ್ಕೆ ಬಂದ ನೀರು ಹೊರಗೆ ಹೋಗಲು ಸುಮಾರು 190 ವರ್ಷ ಬೇಕು. ಸುರಿದದ್ದು ಬೇಗ ತೊಳೆದು ಹೋಗುವುದಿಲ್ಲ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸಂಡೂರಿನ ಲಾರಿಗಳ ಕಾಲ ಹೇಳಿದಳು. ಒಣ ಹಾಕಿದ ಸೀರೆ ಸಂಜೆಗೆ ಕೆಂಪಾಗುತ್ತಿದ್ದದ್ದು, ಬೇವಿನ ಎಲೆಯೂ ಕೆಂಪು, ಊಟದ ತಟ್ಟೆಯಲ್ಲಿ ಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಗಾಳಿ ತಿಳಿಯಾಯಿತು, ಆದರೆ ಎಷ್ಟೋ ಮನೆಗಳ ಒಲೆಯೂ ಆರಿತು. ಆ ಹಿರಿಯರು, ನಮ್ಮ ಊರಲ್ಲೂ ಎರಡೂ ಮಾತು ಹೇಳುವವರು ಇದ್ದರು, ಒಂದೇ ಮನೆಯಲ್ಲೇ ಇದ್ದರು, ಅಂದರು. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಇಂಗ್ಲಿಷ್ ಬಾರದು. ಕತ್ತಲಾಗುವವರೆಗೆ ಮಾತಾಡಿದರು. ಮಧ್ಯೆ ಮಧ್ಯೆ ನನ್ನ ಅನುವಾದಕ್ಕೂ ಕಾಯಲಿಲ್ಲ.

ಉಂಡೆ ಅಮ್ಮನ ಕುಂಕುಮದ ಡಬ್ಬಿ ಸೇರಿತು. ರಾತ್ರಿ ಹನ್ನೊಂದಕ್ಕೆ ಮಳೆ ಬಂತು.

ಮೂರನೇ ದಿನ, ಶನಿವಾರ

ಮಳೆ ನಿಂತಿತ್ತು, ಮಂಜು ಕವಿದಿತ್ತು. ಹತ್ತು ಹೆಜ್ಜೆ ಆಚೆ ನೀರಿದ್ದರೂ ಕಾಣುತ್ತಿರಲಿಲ್ಲ, ಅಲೆಯ ಸದ್ದಷ್ಟೇ. ಮೇಲ್ಹೊದಿಕೆಯನ್ನು ಕಲ್ಲಿಗೆ ಬಿಗಿಯಾಗಿ ಎಳೆದು ಕಟ್ಟಿದ್ದರಿಂದ ಒಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ಹೊರಗೆ ಬಿಟ್ಟಿದ್ದ ಶೂಗಳು ಮಾತ್ರ ತೊಯ್ದು ತೊಪ್ಪೆಯಾಗಿದ್ದವು.

ಈ ದಿನಕ್ಕೆ ಉತ್ತರದ ಕಡೆ ಒಂದು ದೂರದ ಓಡಾಟ ಇಟ್ಟುಕೊಂಡಿದ್ದೆವು, ಜಡ್ಜ್ ಮ್ಯಾಗ್ನಿ ಸ್ಟೇಟ್ ಪಾರ್ಕ್. ಮ್ಯಾಗ್ನಿ ಡುಲೂತ್‌ನ ಮೇಯರ್ ಆಗಿದ್ದವರು, ಆಮೇಲೆ ಮಿನ್ನೆಸೋಟದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ. ಈ ದಡ ಖಾಸಗಿಯವರ ಪಾಲಾಗದೆ ಎಲ್ಲರಿಗೂ ಉಳಿಯಲಿ ಅಂತ ಓಡಾಡಿದವರು. ಅವರ ಹೆಸರಿನ ಪಾರ್ಕಿನಲ್ಲಿ ಬ್ರೂಲ್ ನದಿ ಹರಿಯುತ್ತದೆ. ಒಂದು ಕಡೆ ಬಂಡೆ ಅಡ್ಡ ಬಂದು ನದಿ ಎರಡಾಗುತ್ತದೆ. ಒಂದು ಕವಲು ಜಲಪಾತವಾಗಿ ಬೀಳುತ್ತದೆ. ಇನ್ನೊಂದು ಕವಲು ದೊಡ್ಡ ಗುಂಡಿಯೊಳಗೆ ಬಿದ್ದು ಕಾಣೆಯಾಗುತ್ತದೆ. ಡೆವಿಲ್ಸ್ ಕೆಟಲ್, ಅಂದರೆ ಸೈತಾನನ ಕೊಪ್ಪರಿಗೆ.

ಹೋಗಿ ಬರಲು ಸುಮಾರು 4 ಕಿಲೋಮೀಟರ್, ನಡುವೆ ಸುಮಾರು 200 ಮೆಟ್ಟಿಲು. ಅಮ್ಮ ಕೆಳಗೇ ನದಿ ದಡದ ಬೆಂಚಿನ ಮೇಲೆ ಕೂತಳು, ಗಂಡ ಅವಳ ಜೊತೆ ಉಳಿದ. ನಾನು ಮತ್ತು ಮಗಳು ಒದ್ದೆ ಶೂನಲ್ಲೇ ಹತ್ತಿದೆವು. ದಾರಿಯ ಪಕ್ಕ ಥಿಂಬಲ್‌ಬೆರ್ರಿ ಹಣ್ಣುಗಳು, ಮುಟ್ಟಿದರೆ ಬೆರಳಲ್ಲೇ ಕರಗುವಷ್ಟು ಮೆತ್ತಗೆ, ಹುಳಿಸಿಹಿ.

ಗುಂಡಿಯೆದುರು ನಿಂತಾಗ ಮಗಳ ಪ್ರಶ್ನೆ ಶುರುವಾಯಿತು. ನೀರು ಎಲ್ಲಿಗೆ ಹೋಗತ್ತೆ? ವರ್ಷಗಳ ಕಾಲ ಜನ ಚೆಂಡು, ಬಣ್ಣ ಏನೇನೋ ಹಾಕಿ ನೋಡಿದ್ದಾರೆ ಅಂತ ಹೇಳುತ್ತಾರೆ, ಏನೂ ಹೊರಗೆ ಬರಲಿಲ್ಲವಂತೆ. ಕೊನೆಗೆ ರಾಜ್ಯದ ಜಲತಜ್ಞರು ಸರಳ ಕೆಲಸ ಮಾಡಿದರು. ಜಲಪಾತದ ಮೇಲೆ ಒಮ್ಮೆ, ಕೆಳಗೆ ಒಮ್ಮೆ ನದಿಯ ಹರಿವು ಅಳೆದರು. ಮೇಲೆ ಸೆಕೆಂಡಿಗೆ 123 ಘನ ಅಡಿ, ಕೆಳಗೆ 121. ಹೆಚ್ಚು ಕಡಿಮೆ ಒಂದೇ. ಅಂದರೆ ನೀರು ಎಲ್ಲೂ ಹೋಗಿಲ್ಲ, ಬಂಡೆಯ ಕೆಳಗಿನಿಂದ ಅದೇ ನದಿಗೆ ವಾಪಸ್ ಬರುತ್ತದೆ. 2017ರಲ್ಲಿ ಇದನ್ನು ಹೇಳಿದರು. ಗುಂಡಿಗೆ ಬಿದ್ದದ್ದು ಯಾಕೆ ಕಾಣುವುದಿಲ್ಲ ಅಂದರೆ, ಒಳಗಿನ ಸುಳಿ ಅದನ್ನು ಅರೆದು ಚೂರು ಮಾಡಿಬಿಡುತ್ತದೆ.

ಕೆಳಗೆ ಇಳಿದು ಮಗಳು ಇದನ್ನೆಲ್ಲ ಅಜ್ಜಿಗೆ ವಿವರಿಸಿದಳು. ಅಮ್ಮ ನದಿ ತೋರಿಸಿ, "ಬೆಳಗಿನಿಂದ ನನ್ನ ಮುಂದೇ ಹೊಂಟೈತಲ್ಲ," ಅಂದಳು.

ವಾಪಸ್ ಬರುವಾಗ ಗ್ರ್ಯಾಂಡ್ ಮರೇ ಊರಲ್ಲಿ ನಿಂತೆವು. ಸಸ್ಯಾಹಾರಿಗಳಿಗೆ ಈ ದಾರಿಯಲ್ಲಿ ಸಿಗುವುದು ಪಿಜ್ಜಾ, ಬ್ರೆಡ್ಡು, ಪೈ. ಅಮ್ಮನಿಗೆ ಬ್ಲೂಬೆರ್ರಿ ಪೈ ತುಂಬ ಹಿಡಿಸಿತು. ಹೋಳಿಗೆ ಹೂರಣಕ್ಕೆ ಈ ಹಣ್ಣು ಆಗುತ್ತಾ ಅಂತ ಯೋಚಿಸುತ್ತ ತಿಂದಳು. ಟೆಂಪರೆನ್ಸ್ ನದಿಯ ಹತ್ತಿರ ಇನ್ನೊಂದು ಸಲ ಇಳಿದೆವು. ಟೆಂಪರೆನ್ಸ್ ಅಂದರೆ ಪಾನನಿರೋಧ. ಇಲ್ಲಿನ ನದಿಗಳ ಬಾಯಲ್ಲಿ ಮರಳು ಕಲ್ಲಿನ ದಿಬ್ಬ ಇರುತ್ತದೆ, ಅದಕ್ಕೆ ಇಂಗ್ಲಿಷಿನಲ್ಲಿ ಬಾರ್ ಅನ್ನುತ್ತಾರೆ. ಈ ನದಿಗೆ ಆ ಬಾರ್ ಇಲ್ಲ, ಆದ್ದರಿಂದ ಪಾನನಿರೋಧದ ನದಿ. ಹೆಸರಿಟ್ಟವರು ರಸಿಕರು.

ದಾರಿಯ ಒಂದು ಪಾರ್ಕಿನ ಕಚೇರಿಯಲ್ಲಿ ಗೋಡೆಯ ಮೇಲೆ ದೊಡ್ಡ ನಕ್ಷೆ ಇತ್ತು. ಈ ನೆಲದ ಮೂಲ ಜನ ಓಜಿಬ್ವೆಯವರ ಭಾಷೆಯಲ್ಲಿ ಊರು, ನದಿಗಳ ಹೆಸರು. ಸರೋವರದ ನಡುವೆ ಗಿಚಿಗಮಿ ಅಂತ ಬರೆದಿತ್ತು. ಮಗಳು ಅಲ್ಲಿದ್ದ ರೇಂಜರ್ ಹತ್ತಿರ ಅರ್ಥ ಕೇಳಿದಳು. ಅವರು ಹೇಳಿದ್ದು ಕೇಳಿ ತಿರುಗಿ ಬಂದವಳ ಮುಖ ನೋಡಬೇಕಿತ್ತು.

"ಅಜ್ಜಿ, ಅದರ ಅರ್ಥ ದೊಡ್ಡ ಸಮುದ್ರ."

ಅಮ್ಮ ಏನೂ ಹೇಳಲಿಲ್ಲ. ಅವಳ ತಲೆ ಸವರಿದಳು.

ರಾತ್ರಿ ಮೋಡ ಪೂರ್ತಿ ಸರಿಯಿತು. ಆಗಸ್ಟ್ 12ರ ಆಸುಪಾಸು ಪರ್ಸೀಡ್ ಉಲ್ಕೆಗಳ ಕಾಲ, ತಾರೀಕು ಆರಿಸುವಾಗ ಇದನ್ನೂ ನೋಡಿಯೇ ಆರಿಸಿದ್ದೆವು. ಕಲ್ಲಿನ ದಡದಲ್ಲಿ ಚಾಪೆ ಹಾಸಿ, ಎಲ್ಲ ಕಂಬಳಿ ಹೊದ್ದು ಮಲಗಿದೆವು. ಅಪ್ಪ ಗಣಿಯಿಂದ ರಾತ್ರಿ ಪಾಳಿ ಮುಗಿಸಿ ಬರುವವರೆಗೆ ಅಂಗಳದಲ್ಲಿ ಮಲಗಿ ನಕ್ಷತ್ರ ನೋಡುತ್ತಿದ್ದುದನ್ನು ಅಮ್ಮ ಹೇಳಿದಳು. ಲಾರಿಗಳು ಬಂದ ಮೇಲೆ ಅದೂ ನಿಂತಿತು ಅಂದಳು. ಮಗಳು ಹನ್ನೊಂದು ಉಲ್ಕೆ ಎಣಿಸಿ ನಿದ್ದೆ ಹೋದಳು. ಅಮ್ಮ ಇನ್ನೂ ಎಣಿಸುತ್ತಿದ್ದಳು.

ನಾಲ್ಕನೇ ದಿನ, ಭಾನುವಾರ

ಐದೂವರೆಗೆ ಎದ್ದು ನೋಡಿದರೆ ಅಮ್ಮನ ಮಂಚ ಖಾಲಿ. ಎದೆ ಧಸಕ್ಕೆಂದಿತು. ದಡಕ್ಕೆ ಓಡಿದೆ. ಅಲ್ಲಿ ಬಂಡೆ ಮೇಲೆ ಕೂತಿದ್ದಳು, ಸ್ವೆಟರ್ ಮೇಲೆ ಸೆರಗು ಹೊದ್ದು. ನೀರು ಅಲುಗಾಡದೆ ಮಲಗಿತ್ತು. ಸೂರ್ಯ ನೀರೊಳಗಿನಿಂದ ಎದ್ದ ಹಾಗೆ ಮೇಲೆ ಬಂದ, ಬಂಡೆ ಮೇಲಿನ ದೀಪಸ್ತಂಭ ಮೊದಲು ಕೆಂಪಾಯಿತು, ಆಮೇಲೆ ಹಳದಿ. ಅಮ್ಮ ಬೊಗಸೆಯಲ್ಲಿ ನೀರು ಎತ್ತಿ ಅರ್ಘ್ಯ ಬಿಟ್ಟಳು. ಕೈ ಕೆಂಪಗಾಗಿತ್ತು. ನಾನು ಎರಡೂ ಕೈ ಹಿಡಿದು ಉಜ್ಜಿದೆ.

ಉಪ್ಪಿಟ್ಟು, ಚಹಾ. ಟೆಂಟ್ ಬಿಚ್ಚಿ, ಕಲ್ಲುಗಳನ್ನು ಮೊದಲಿದ್ದ ಜಾಗಕ್ಕೆ ಹಾಕಿ, ಗಾಡಿ ತುಂಬಿದೆವು. ಈ ಸಲ ಭಾರ ಗಾಲಿಯ ಮೇಲೆ. ಪಕ್ಕದ ಹಿರಿಯರಿಗೆ ಉಳಿದಿದ್ದ ಶೇಂಗಾ ಹಿಂಡಿಯನ್ನು ಡಬ್ಬಿ ಸಮೇತ ಕೊಟ್ಟೆವು, ತುಪ್ಪ ಹಾಕಿ ಬ್ರೆಡ್ಡಿನ ಮೇಲೆ ಸವರಿಕೊಳ್ಳಿ ಅಂತ. ಪ್ಲಾನ್‌ನಿಂದ ತೆಗೆದ ಪಾರ್ಕುಗಳಲ್ಲಿ ಟೆಟಗೂಶ್ ಹತ್ತಿರದಲ್ಲೇ ಇತ್ತು. ಹೋಗೋಣವಾ ಅಂತ ಗಂಡ ಕೇಳಿದ. ಬೇಡ, ಇನ್ನೊಂದು ಗಂಟೆ ಇಲ್ಲೇ ಕೂರೋಣ ಅಂದೆವು ಎಲ್ಲರೂ.

ಹೊರಡುವ ಮುಂಚೆ ಅಮ್ಮ ಖಾಲಿ ನೀರಿನ ಬಾಟಲಿ ತೆಗೆದುಕೊಂಡು ಮತ್ತೆ ದಡಕ್ಕೆ ಹೋದಳು, ತುಂಬಿಸಿ ತಂದಳು. ಕಾಯಿಸದೆ ಯಾರೂ ಕುಡಿಯಬಾರದು ಅಂತ ನಾನು ಎಚ್ಚರಿಸಿದೆ. ಕುಡಿಯೋಕಲ್ಲ, ದೇವರ ಮುಂದೆ ಇಡೋಕೆ ಅಂದಳು.

ಕಾರಿನಲ್ಲಿ ಮಗಳು ಬಾಟಲಿಗೆ ಟೇಪ್ ಅಂಟಿಸಿ, ಪೆನ್ನಿನಿಂದ ಕನ್ನಡದಲ್ಲಿ ಹೆಸರು ಬರೆದಳು. ಭಾನುವಾರದ ಕನ್ನಡ ಶಾಲೆಯಲ್ಲಿ ಒತ್ತಕ್ಷರ ಈಗಷ್ಟೇ ಶುರುವಾಗಿದೆ. "ಸಮುದರ" ಅಂತ ಬರೆದಿದ್ದಳು. ಅಮ್ಮ ಪೆನ್ನು ತೆಗೆದುಕೊಂಡು, ಅವಳ ಕೈ ಹಿಡಿದು, 'ದ'ದ ಕೆಳಗೆ 'ರ'ದ ಒತ್ತು ಎಳೆಸಿದಳು.